ಇಳಿಜಾರಿನಲ್ಲಿ ನಿಂತ ಹೃದಯ

ಕೆಮ್ಮಣ್ಣುಗುಂಡಿಯ ರಾಜಭವನದಿಂದ ಝಡ್ ಪಾಯಿಂಟಿಗೆ ಸುಮಾರು 3 ಕಿಲೋಮೀಟರ್ ಕಾಲುದಾರಿ. ಶಾಂತಿ ಜಲಪಾತದವರೆಗೂ ಹರಟೆ ಹೊಡೆಯುತ್ತ ಬರುವ ಗುಂಪು ಅಲ್ಲಿಂದಾಚೆ ತಾನಾಗಿಯೇ ಮಾತು ನಿಲ್ಲಿಸುತ್ತದೆ. ದಾರಿ ಕಿರಿದು, ಒಂದು ಮಗ್ಗುಲಿಗೆ ಪ್ರಪಾತ. ಕೊನೆಯ ಏರಿನಲ್ಲಿ ತೊಡೆ ನಡುಗುತ್ತದೆ, ಎದೆ ಡವಡವ ಎನ್ನುತ್ತದೆ, ರಜೆ ಹಾಕಿ ಬಂದದ್ದು ಇದಕ್ಕಾ ಎಂದು ಯಾರಾದರೊಬ್ಬರು ಗೊಣಗುತ್ತಾರೆ. ಮೇಲೆ ಹತ್ತಿ, ಗಾಳಿಗೆ ಮುಖವೊಡ್ಡಿ ಐದು ನಿಮಿಷ ಕುಳಿತರೆ ಗೊಣಗಿದವರದ್ದೇ ಮೊದಲ ಉದ್ಗಾರ: ‘ಆಹಾ, ಎಷ್ಟು ಹಗುರಾಯ್ತು!’

ಲೆಕ್ಕ ಸರಿಹೋಗುವುದಿಲ್ಲ. ಇಡೀ ದಿನ ಕುರ್ಚಿಯಲ್ಲಿ ಕುಳಿತು ಕೀಲಿಮಣೆ ಒತ್ತಿದವರು ಸಂಜೆಗೆ ಮೈ ಹಿಂಡಿದಂತಾಗಿ ಮನೆಗೆ ಬರುತ್ತಾರೆ. ಗುಡ್ಡ ಹತ್ತಿ ನಿಜವಾಗಿಯೂ ಮೈ ದಣಿಸಿಕೊಂಡವರು ಗೆಲುವಾಗಿ ಇಳಿಯುತ್ತಾರೆ. ಶಕ್ತಿ ಖರ್ಚು ಮಾಡಿದವರಿಗೆ ಶಕ್ತಿ ಬಂದಂತಾಗುವುದು, ಮಾಡದವರು ಸೋತುಹೋಗುವುದು ಹೇಗೆ?

‘ಅಲ್ಲಿ ಆಮ್ಲಜನಕ ಜಾಸ್ತಿ, ಅದಕ್ಕೆ’ ಎಂಬುದು ಸಿದ್ಧ ಉತ್ತರ. ಪ್ರವಾಸದ ಕರಪತ್ರಗಳಲ್ಲೂ ಈ ಮಾತು ಧಾರಾಳವಾಗಿ ಓಡಾಡುತ್ತದೆ. ಆದರೆ ವಸ್ತುಸ್ಥಿತಿ ಉಲ್ಟಾ. ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1434 ಮೀಟರ್ ಎತ್ತರದಲ್ಲಿದೆ. ಆ ಎತ್ತರಕ್ಕೆ ಗಾಳಿಯ ಒತ್ತಡ ಇಳಿಯುವುದರಿಂದ, ಮಂಗಳೂರಿನ ಕಡಲ ದಂಡೆಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕಕ್ಕಿಂತ ಇಲ್ಲಿ ನೂರಕ್ಕೆ 15–16ರಷ್ಟು ಕಡಿಮೆ ಸಿಗುತ್ತದೆ. ಹೊಗೆ ಇಲ್ಲ, ದೂಳಿಲ್ಲ, ತಂಪಿದೆ, ಅವೆಲ್ಲ ನಿಜ. ಕಾಡು ಎಷ್ಟೇ ದಟ್ಟವಾಗಿದ್ದರೂ ಆಮ್ಲಜನಕದ ಈ ಕೊರತೆಯನ್ನು ತುಂಬಿಕೊಡಲಾರದು. ಉತ್ತರವನ್ನು ಗಾಳಿಯಲ್ಲಿ ಹುಡುಕಿ ಉಪಯೋಗವಿಲ್ಲ, ಮಣಿಕಟ್ಟಿನಲ್ಲಿ ಹುಡುಕಬೇಕು.

ನಾಡಿ ಹಿಡಿದು

ಹೆಬ್ಬೆರಳಿನ ಬುಡದಿಂದ ಎರಡು ಬೆರಳು ಕೆಳಗೆ, ಮಣಿಕಟ್ಟಿನ ಹೊರ ಅಂಚಿಗೆ, ಇನ್ನೊಂದು ಕೈಯ ತೋರುಬೆರಳು, ನಡುಬೆರಳು ಮೆಲ್ಲಗೆ ಊರಿ. ನಾಡಿ ಸಿಕ್ಕಿತಲ್ಲ, ಈಗ ಎಣಿಸುವ ಬದಲು ಅದರ ನಡಿಗೆಯನ್ನಷ್ಟೇ ಗಮನಿಸಿ. ಉಸಿರನ್ನು ನಿಧಾನವಾಗಿ ಒಳಗೆಳೆದುಕೊಳ್ಳುತ್ತ ಹೋದಂತೆ ಬಡಿತ ತುಸು ಚುರುಕಾಗುತ್ತದೆ. ಉಸಿರನ್ನು ಉದ್ದಕ್ಕೆ ಬಿಡುತ್ತ ಹೋದಂತೆ ಬಡಿತಗಳ ನಡುವಿನ ಅಂತರ ಹಿಗ್ಗುತ್ತದೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಇದು ಸ್ಪಷ್ಟ. ಐವತ್ತು ದಾಟಿದವರು ಸ್ವಲ್ಪ ತಾಳ್ಮೆಯಿಂದ ಹುಡುಕಬೇಕು. ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲೇ ಇದನ್ನು ಪ್ರಾಣಿಗಳಲ್ಲಿ ಯಂತ್ರವಿಟ್ಟು ಗೆರೆಯಾಗಿ ಬರೆಸಿಕೊಂಡಿದ್ದ.

ಆರೋಗ್ಯವಂತ ಹೃದಯ ಗಡಿಯಾರದ ಹಾಗೆ ಸಮನಾಗಿ ಬಡಿಯುತ್ತದೆ ಎಂಬ ನಮ್ಮ ನಂಬಿಕೆ ಇಲ್ಲೇ ಅಲುಗಾಡುತ್ತದೆ. ಸುಮ್ಮನೆ ಕುಳಿತಿರುವ ಮನುಷ್ಯನ ನಾಡಿ ಉಸಿರಿನ ಜೊತೆಗೆ ಹಿಗ್ಗುತ್ತ ಕುಗ್ಗುತ್ತ ಇರಬೇಕು, ಅದೇ ಆರೋಗ್ಯದ ಲಕ್ಷಣ. ಹಿಗ್ಗು ಕುಗ್ಗು ಕಡಿಮೆಯಾಗಿ ಬಡಿತ ಸಪಾಟಾಗುತ್ತ ಬಂದರೆ ವೈದ್ಯರು ಹುಬ್ಬೇರಿಸುತ್ತಾರೆ.

ನೂರಕ್ಕೆ ಹೊರಟ ಎಂಜಿನ್

ಹೃದಯಕ್ಕೆ ಬಡಿಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಲಭಾಗದ ಮೇಲಂಕಣದ ಗೋಡೆಯಲ್ಲಿರುವ ಸಣ್ಣದೊಂದು ಜೀವಕೋಶಗಳ ಗುಂಪು ತಾನಾಗಿಯೇ ಮಿಡಿಯುತ್ತದೆ, ಉಳಿದ ಹೃದಯ ಅದರ ತಾಳ ಹಿಡಿಯುತ್ತದೆ. ಆ ಗುಂಪನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಎಷ್ಟು ಸಲ ಮಿಡಿದೀತು? ಯುವಕರಲ್ಲಿ 100ರ ಆಸುಪಾಸು, ವಯಸ್ಸಾದಂತೆ ಕೊಂಚ ಕಡಿಮೆ. ಬೇರೆಯವರ ಹೃದಯವನ್ನು ಕಸಿ ಮಾಡಿಸಿಕೊಂಡವರಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಕಸಿ ಮಾಡುವಾಗ ನರಗಳನ್ನು ಕತ್ತರಿಸಲೇಬೇಕಾಗುವುದರಿಂದ, ಅವರು ಮಲಗಿದ್ದರೂ ನಾಡಿ 90, 100 ಎಂದೇ ಓಡುತ್ತಿರುತ್ತದೆ.

ನಮ್ಮ ನಿಮ್ಮ ನಾಡಿ ಮಾತ್ರ ಕುಳಿತಾಗ 70ರ ಹತ್ತಿರ. ಉಳಿದ 30 ಎಲ್ಲಿ ಹೋಯಿತು?

ಕೆಮ್ಮಣ್ಣುಗುಂಡಿಯಿಂದ ಹೆಬ್ಬೆ ಜಲಪಾತದ ಕಡೆಗೆ ಜೀಪುಗಳು ಓಡಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಒಮ್ಮೆ ಇಳಿಜಾರಿನಲ್ಲಿ ಜೀಪು ನಿಲ್ಲಿಸಿದ ಚಾಲಕ ಇಳಿಯುವ ಮುಂಚೆ ಸಹಾಯಕ ಹುಡುಗನಿಗೆ ಕೂಗಿ ಚಕ್ರಕ್ಕೆ ಕಲ್ಲು ಕೊಡಿಸಿದ. ಹ್ಯಾಂಡ್ ಬ್ರೇಕ್ ಸಾಲದೇನಣ್ಣ ಎಂದೆ. ‘ಇಲ್ಲಿ ಗಾಡಿ ಓಡಿಸೋದು ದೊಡ್ಡ ವಿಷಯ ಅಲ್ಲ ಸಾರ್, ಅದು ತಾನೇ ಓಡ್ತದೆ. ನಿಲ್ಲಿಸ್ಕೊಂಡಿರೋದೇ ಕೆಲಸ’ ಎಂದ. ಹೃದಯವೂ ಹೀಗೆ ಇಳಿಜಾರಿಗೆ ಮುಖ ಮಾಡಿ ನಿಂತ ಗಾಡಿ. ಅದನ್ನು ಓಡಿಸಲು ಆಕ್ಸಿಲರೇಟರ್ ಒತ್ತಬೇಕಾಗಿಲ್ಲ, ಬ್ರೇಕಿನಿಂದ ಕಾಲು ಒಂಚೂರು ಎತ್ತಿದರೆ ಸಾಕು. ನಾವು ನೆಮ್ಮದಿಯಿಂದ ಕುಳಿತ ಪ್ರತಿ ಕ್ಷಣವೂ ಒಂದು ಕಾಲು ಆ ಬ್ರೇಕಿನ ಮೇಲೆ ಇದ್ದೇ ಇರುತ್ತದೆ.

ಆ ಕಾಲಿನ ಹೆಸರು ವೇಗಸ್ ನರ. ಮೆದುಳಿನ ಬುಡದಲ್ಲಿ ಹುಟ್ಟಿ, ಕುತ್ತಿಗೆಯ ಎರಡೂ ಪಕ್ಕದಲ್ಲಿ ಇಳಿದು, ಹೃದಯ, ಶ್ವಾಸಕೋಶ, ಜಠರ, ಕರುಳು ಎಂದು ಒಂದೊಂದು ಮನೆಗೂ ಹೊಕ್ಕು ಬರುವ ಈ ನರವನ್ನು ಅಲೆಮಾರಿ ನರ ಎಂದು ಕರೆಯೋಣ. ಇದನ್ನು ಕೆರಳಿಸಿದರೆ ಹೃದಯ ನಿಧಾನವಾಗುತ್ತದೆ, ನಿಂತೂ ಹೋಗಬಹುದು ಎಂದು 1845ರಲ್ಲಿ ಜರ್ಮನಿಯ ವೆಬರ್ ಸೋದರರು ತೋರಿಸಿದಾಗ ಪಂಡಿತರಿಗೆ ದಿಗಿಲಾಯಿತು. ನರ ಎಂದರೆ ಕೆಲಸ ಮಾಡಿಸುವುದು ಎಂದು ಅವರೆಲ್ಲ ತಿಳಿದಿದ್ದರು. ಕೆಲಸ ತಡೆಯುವ ನರವೂ ಇದೆ ಎಂಬುದು ಹೊಸ ಸುದ್ದಿ.

ನಡುರಾತ್ರಿಯ ಕಪ್ಪೆಗಳು

ತಡೆಯುತ್ತದೆ ಸರಿ, ಹೇಗೆ ತಡೆಯುತ್ತದೆ? ಇದರ ಹಿಂದೆ ವಿಜ್ಞಾನದ ಚರಿತ್ರೆಯಲ್ಲೇ ಬಲು ಸೊಗಸಾದ ಕಥೆಯೊಂದಿದೆ.

ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಓಟ್ಟೊ ಲೋವಿ ಎಂಬ ಪ್ರಾಧ್ಯಾಪಕರಿದ್ದರು. ಒಂದು ರಾತ್ರಿ ಕನಸಿನಲ್ಲಿ ಅವರಿಗೆ ಒಂದು ಪ್ರಯೋಗ ಹೊಳೆಯಿತು. ಎದ್ದವರೇ ಸಿಕ್ಕ ಚೀಟಿಯ ಮೇಲೆ ಗೀಚಿ ಮತ್ತೆ ಮಲಗಿದರು. ಬೆಳಿಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದಲು ಬಾರದು. ದಿನವಿಡೀ ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಮರುರಾತ್ರಿ ಮೂರು ಗಂಟೆಗೆ ಕನಸು ಮತ್ತೆ ಬಿತ್ತು. ಈ ಬಾರಿ ಚೀಟಿಯ ಗೋಜಿಗೇ ಹೋಗದೆ ಲೋವಿ ಎದ್ದು ನೇರ ಪ್ರಯೋಗಾಲಯಕ್ಕೆ ನಡೆದರು.

ಎರಡು ಕಪ್ಪೆ ಹೃದಯಗಳನ್ನು ಉಪ್ಪುನೀರಿನಲ್ಲಿ ಮಿಡಿಯಲು ಬಿಟ್ಟರು. ಒಂದಕ್ಕೆ ಅಲೆಮಾರಿ ನರ ಅಂಟಿಕೊಂಡೇ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಮೊದಲನೆಯದರ ನರಕ್ಕೆ ವಿದ್ಯುತ್ ಮುಟ್ಟಿಸಿದಾಗ ಅದು ನಿಧಾನವಾಯಿತು. ಆಮೇಲೆ ಅದರ ಸುತ್ತಲಿನ ನೀರನ್ನು ತೆಗೆದು ಎರಡನೆಯದಕ್ಕೆ ಹಾಕಿದರು. ನರವೇ ಇಲ್ಲದ ಆ ಹೃದಯವೂ ನಿಧಾನವಾಯಿತು. ನರದ ತುದಿಯಿಂದ ಯಾವುದೋ ರಸ ನೀರಿಗೆ ಇಳಿದಿತ್ತು. 1921ರಲ್ಲಿ ಪ್ರಕಟವಾದ ಈ ಪ್ರಯೋಗದ ರಸ ಅಸಿಟೈಲ್ ಕೋಲಿನ್ ಎಂದು ಮುಂದೆ ಖಚಿತವಾಯಿತು. 1936ರಲ್ಲಿ ಲೋವಿಗೂ ಇಂಗ್ಲೆಂಡಿನ ಹೆನ್ರಿ ಡೇಲ್ ಅವರಿಗೂ ಜೊತೆಯಾಗಿ ನೊಬೆಲ್ ಬಂತು. ಎರಡೇ ವರ್ಷದಲ್ಲಿ ಆಸ್ಟ್ರಿಯಾವನ್ನು ಹಿಟ್ಲರ್ ನುಂಗಿದ. ಯಹೂದಿಯಾದ ಲೋವಿ ಜೈಲು ಕಂಡು, ಬಹುಮಾನದ ಹಣವನ್ನು ನಾಜಿಗಳಿಗೆ ಒಪ್ಪಿಸಿ, ಬರಿಗೈಯಲ್ಲಿ ದೇಶ ಬಿಟ್ಟರು.

ಅಲೆಮಾರಿ ನರದ ತುದಿಯಲ್ಲಿ ಈ ರಸ ಜಿನುಗಿತೆಂದರೆ ಮುಂದಿನ ಒಂದೆರಡು ಬಡಿತದೊಳಗೆ ಹೃದಯ ನಿಧಾನಿಸುತ್ತದೆ. ಜಿನುಗುವುದು ನಿಂತಿತೆಂದರೆ ಅಷ್ಟೇ ಬೇಗ ರಸ ಒಡೆದುಹೋಗಿ ಬಡಿತ ಏರುತ್ತದೆ. ಒಂದು ಉಸಿರಿನ ಅವಧಿಯಲ್ಲಿ ನಾಡಿ ಹಿಗ್ಗಿ ಕುಗ್ಗಲು ಸಾಧ್ಯವಾಗುವುದು ಈ ಚುರುಕಿನಿಂದಲೇ. ಉಸಿರೆಳೆದಾಗ ಮೆದುಳು ಬ್ರೇಕನ್ನು ತುಸು ಸಡಿಲಿಸುತ್ತದೆ, ಬಿಟ್ಟಾಗ ಮತ್ತೆ ಒತ್ತುತ್ತದೆ. ನೀವು ಮಣಿಕಟ್ಟಿನಲ್ಲಿ ಮುಟ್ಟಿ ನೋಡಿದ್ದು ಅದೇ ಕಾಲಿನ ಅಲುಗಾಟ.

ಕಚೇರಿಯಲ್ಲಿ ಗುಡ್ಡ ಹತ್ತಿದವರು

ಒತ್ತಡವನ್ನು ವಿವರಿಸಲು, ಹುಲಿ ಎದುರಾದರೆ ದೇಹಕ್ಕೆ ಏನಾಗುತ್ತದೆಂದು ಪಠ್ಯಪುಸ್ತಕಗಳು ವರ್ಣಿಸುತ್ತವೆ. ಭದ್ರಾ ಅಭಯಾರಣ್ಯದ ಪಕ್ಕದಲ್ಲೇ ಇರುವ ಕೆಮ್ಮಣ್ಣುಗುಂಡಿಯಲ್ಲಿ ಆ ಉದಾಹರಣೆ ಅಷ್ಟೇನೂ ದೂರದ್ದಲ್ಲ. ಆದರೆ ನಮ್ಮ ದಿನನಿತ್ಯದ ಒತ್ತಡಕ್ಕೆ ಹುಲಿಯ ಗಾತ್ರವಿಲ್ಲ. ವಾಟ್ಸಾಪಿನಲ್ಲಿ ಮೇಲಧಿಕಾರಿಯ ಹೆಸರು ಕಂಡಿತು, ಮಗಳ ಶಾಲೆಯ ಶುಲ್ಕದ ಕೊನೆಯ ದಿನ ನೆನಪಾಯಿತು, ಸಿಗ್ನಲ್ಲಿನಲ್ಲಿ ಹಿಂದಿನವನು ಹಾರ್ನ್ ಬಾರಿಸಿದ. ಇಂಥವಕ್ಕೆ ದೇಹ ಆಕ್ಸಿಲರೇಟರ್ ಒತ್ತುವ ಅಡ್ರಿನಲಿನ್ ರಸದ ಪೂರಾ ಪ್ರವಾಹವನ್ನೇನೂ ಬಿಡುವುದಿಲ್ಲ. ಬ್ರೇಕಿನಿಂದ ಕಾಲು ಅರ್ಧ ಎತ್ತುತ್ತದೆ, ಅಷ್ಟೇ. ನಾಡಿ 70ರಿಂದ 85ಕ್ಕೆ ಹೋಗುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ.

ತೊಂದರೆಯಿರುವುದು ಕಾಲು ಎತ್ತುವುದರಲ್ಲಲ್ಲ. ಎತ್ತದಿದ್ದರೆ ಕುರ್ಚಿಯಿಂದ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಒಂದು ಸಂದೇಶದಿಂದ ಎತ್ತಿದ ಕಾಲು ಕೆಳಗಿಳಿಯುವ ಮುಂಚೆ ಇನ್ನೊಂದು ಬಂದಿರುತ್ತದೆ, ತೊಡಕಿರುವುದು ಅಲ್ಲಿ. ಹೀಗೆ ಬೆಳಿಗ್ಗೆಯಿಂದ ಸಂಜೆಯವರೆಗೂ ಅರ್ಧ ಎತ್ತಿದ ಕಾಲಿನಲ್ಲೇ ದಿನ ಕಳೆಯುತ್ತದೆ. ನಿಮಿಷಕ್ಕೆ 15 ಹೆಚ್ಚು ಬಡಿತವೆಂದರೆ ಎಂಟು ಗಂಟೆಯ ಪಾಳಿಗೆ 7200 ಹೆಚ್ಚುವರಿ ಬಡಿತ. ಕಾರ್ಟಿಸಾಲ್ ಎಂಬ ಒತ್ತಡದ ರಸದ ಗತಿ ಇನ್ನೂ ನಿಧಾನ. ಕಿರಿಕಿರಿ ಮುಗಿದು ಇಪ್ಪತ್ತು ನಿಮಿಷವಾದ ಮೇಲೂ ರಕ್ತದಲ್ಲಿ ಏರಿಕೊಂಡೇ ಇರಬಹುದು. ಗುಡ್ಡ ಹತ್ತುವವರ ಹಾಗೆ ಸಿದ್ಧವಾದ ದೇಹ ಗುಡ್ಡವನ್ನೇ ಹತ್ತದೆ ಕುಳಿತಿರುತ್ತದೆ. ಸಂಜೆಯ ಆ ಸೋತ ಭಾವದ ದೊಡ್ಡ ಪಾಲು ಇಲ್ಲಿಯದು.

ತುದಿಯ ಮೊದಲ ನಿಮಿಷ

ಈಗ ಝಡ್ ಪಾಯಿಂಟಿನ ಏರಿಗೆ ಬರೋಣ. ನಡಿಗೆ ಬಿರುಸಾದಂತೆ ಮೆದುಳು ಮೊದಲು ಬ್ರೇಕನ್ನು ಪೂರ್ತಿ ಬಿಡುತ್ತದೆ. ನಾಡಿ ನೂರು ದಾಟುತ್ತಿದ್ದಂತೆ ಅಡ್ರಿನಲಿನ್ ಗುಂಪಿನ ಆಕ್ಸಿಲರೇಟರ್ ಜೋರಾಗುತ್ತದೆ. 130, 140, ಏದುಸಿರು. ಇದೂ ಒತ್ತಡವೇ, ಕಚೇರಿಯದ್ದಕ್ಕಿಂತ ಎಷ್ಟೋ ದೊಡ್ಡದು. ಆದರೆ ಇದಕ್ಕೊಂದು ತುದಿ ಇದೆ. ಅಲ್ಲಿ ಕುಳಿತ ಕೂಡಲೇ ದೇಹಕ್ಕೆ ಕೆಲಸ ಮುಗಿಯಿತೆಂದು ಯಾರೂ ಹೇಳಬೇಕಾಗಿಲ್ಲ. ತೊಡೆಯ ಸ್ನಾಯುಗಳು ಸುಮ್ಮನಾದವು ಎಂಬ ಸುದ್ದಿಯೇ ಸಾಕು. ಅಡ್ರಿನಲಿನ್ ರಕ್ತದಲ್ಲಿ ಇನ್ನೂ ಇರುವಾಗಲೇ ಅಲೆಮಾರಿ ನರ ಮರಳಿ ಬಂದು ಬ್ರೇಕ್ ಒತ್ತುತ್ತದೆ. ಮೊದಲ ಒಂದು ನಿಮಿಷದಲ್ಲಿ ನಾಡಿ ಸರ್ರನೆ ಇಳಿಯುವುದು ಹೆಚ್ಚಾಗಿ ಅದರ ಕೈವಾಡ.

ಈ ಒಂದು ನಿಮಿಷದ ಇಳಿತವನ್ನು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ವೈದ್ಯರು ಎರಡು ಸಾವಿರಕ್ಕೂ ಹೆಚ್ಚು ಜನರಲ್ಲಿ ಅಳೆದು, ಅವರನ್ನು ಆರು ವರ್ಷ ಹಿಂಬಾಲಿಸಿ, 1999ರಲ್ಲಿ ವರದಿ ಮಾಡಿದರು. ಟ್ರೆಡ್‌ಮಿಲ್ಲಿನ ಓಟ ಮುಗಿದ ಮೊದಲ ನಿಮಿಷದಲ್ಲಿ ನಾಡಿ 12 ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಎಷ್ಟು ವೇಗವಾಗಿ ಓಡಬಲ್ಲಿರಿ ಎಂದು ಎಲ್ಲರೂ ಕೇಳುತ್ತಾರೆ, ಎಷ್ಟು ಬೇಗ ನಿಲ್ಲಬಲ್ಲಿರಿ ಎಂಬುದೂ ಅಷ್ಟೇ ಮುಖ್ಯವಾಯಿತು. ತುದಿಯಲ್ಲಿ ಸೆಲ್ಫಿಗೆ ಮೊದಲು ಹದಿನೈದು ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ನಿಮಿಷ ಬಿಟ್ಟು ಮತ್ತೊಮ್ಮೆ ಎಣಿಸಿ. ನಿಂತ ನೆಲದಲ್ಲಿ ಮಾಡುವ ಈ ಎಣಿಕೆ ಆಸ್ಪತ್ರೆಯ ಪರೀಕ್ಷೆಗೆ ಸಮನಲ್ಲ, ಆದರೂ ನಿಮ್ಮ ಬ್ರೇಕಿನ ಅಂದಾಜು ಸಿಗುತ್ತದೆ.

ವಾರಕ್ಕೆ ಹಲವು ದಿನ ಹೀಗೆ ಏದುಸಿರು ಬರುವಷ್ಟು ನಡೆಯುವವರಲ್ಲಿ ಕೆಲವು ತಿಂಗಳಲ್ಲಿ ಈ ಇಳಿತ ಚುರುಕಾಗುತ್ತದೆ, ಕುಳಿತಾಗಿನ ನಾಡಿಯೂ ಕೆಳಗೆ ಬರುತ್ತದೆ. ಅದಕ್ಕೆ ಬೆಟ್ಟವೇ ಬೇಕೆಂದಿಲ್ಲ. ತರೀಕೆರೆಯ ಕೆರೆ ಏರಿ ಆದೀತು, ಕಡೂರಿನ ರೈಲ್ವೆ ಮೇಲ್ಸೇತುವೆ ಆದೀತು, ನಾಲ್ಕು ಮಹಡಿಯ ಮೆಟ್ಟಿಲೂ ಆದೀತು. ಬೆಟ್ಟದಲ್ಲಿ ಒಂದು ಅನುಕೂಲ ಹೆಚ್ಚು: ಕಾಲಿಡುವ ಕಲ್ಲು ನೋಡಿಕೊಂಡು ನಡೆಯಬೇಕಾಗಿ ಬರುವುದರಿಂದ ಶುಲ್ಕದ ಕೊನೆಯ ದಿನ ನೆನಪಿಗೆ ಬರುವುದಿಲ್ಲ. ಮೊಬೈಲ್ ಸಿಗ್ನಲ್ಲೂ ಬಂದರೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಈ ಜಾಗವನ್ನು ಆರಿಸಿಕೊಂಡಾಗ ಆ ತಾಪತ್ರಯವೇ ಇರಲಿಲ್ಲ. ರಾಜ್ಯಭಾರದ ತಾಪತ್ರಯವಂತೂ ಇದ್ದೇ ಇತ್ತು.

ನಿಟ್ಟುಸಿರಿಗೆ ಬೈಯಬೇಡಿ

ಬೆಟ್ಟ, ಮೆಟ್ಟಿಲು ಎರಡೂ ಇಲ್ಲದ ಕಡೆ, ಅಂದರೆ ಸಭೆಯ ನಡುವೆ, ಬಸ್ಸಿನ ನೂಕುನುಗ್ಗಲಲ್ಲಿ, ಬ್ರೇಕಿಗೆ ತಲುಪುವ ಇನ್ನೊಂದು ದಾರಿ ಉಸಿರು. ಹೃದಯಕ್ಕೆ ನಿಧಾನವಾಗು ಎಂದರೆ ಅದು ಕೇಳುವುದಿಲ್ಲ. ಉಸಿರು ಮಾತ್ರ ತಾನಾಗಿಯೂ ನಡೆಯುತ್ತದೆ, ಹೇಳಿದರೂ ಕೇಳುತ್ತದೆ. ಉಸಿರು ಬಿಡುವಾಗ ಬ್ರೇಕ್ ಬೀಳುತ್ತದೆ ಎಂದಾದರೆ, ಬಿಡುವ ಹೊತ್ತನ್ನು ಉದ್ದ ಮಾಡಿದಷ್ಟೂ ಬ್ರೇಕಿನ ಹೊತ್ತೂ ಉದ್ದ.

ಮನೆಯಲ್ಲಿ ನಿಟ್ಟುಸಿರು ಬಿಡಬಾರದೆಂದು ಹಿರಿಯರು ಗದರುವುದುಂಟು. ದೇಹ ಆ ಮಾತು ಕೇಳುವುದಿಲ್ಲ, ಗಂಟೆಗೆ ಹತ್ತು ಹನ್ನೆರಡು ಬಾರಿ ನಮಗರಿವಿಲ್ಲದೆ ಬಿಡಿಸುತ್ತದೆ. ಶ್ವಾಸಕೋಶದ ಮುದುಡಿದ ಗಾಳಿಗೂಡುಗಳನ್ನು ಬಿಚ್ಚಲು ಅದು ಬೇಕು. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನೇ ಬೇಕೆಂದು ಮಾಡಿಸಿದರು. ಮೂಗಿನಿಂದ ಒಂದು ಉಸಿರು, ಅದರ ಮೇಲೆ ಇನ್ನೊಂದು ಸಣ್ಣ ಉಸಿರು, ಆಮೇಲೆ ಬಾಯಿಂದ ನಿಧಾನವಾಗಿ ಪೂರ್ತಿ ಬಿಡುವುದು, ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು. ಕಣ್ಣುಮುಚ್ಚಿ ಧ್ಯಾನ ಮಾಡಿದ ಗುಂಪಿಗಿಂತ ನಿಟ್ಟುಸಿರಿನ ಗುಂಪು ಹೆಚ್ಚು ಗೆಲುವಾಗಿತ್ತು. ಅವರ ವಿಶ್ರಾಂತಿಯ ನಾಡಿಬಡಿತವೇನೂ ತಿಂಗಳಲ್ಲಿ ಬದಲಾಗಲಿಲ್ಲ. ನನಗೆ ಇದು ಅಚ್ಚರಿಯೆನಿಸುವುದಿಲ್ಲ. ಉಸಿರು ಆ ಹೊತ್ತಿಗೆ ಬ್ರೇಕ್ ಒತ್ತಿಸುತ್ತದೆ, ಬ್ರೇಕನ್ನು ಬಲಪಡಿಸಲು ನಡಿಗೆಯೇ ಬೇಕು.

ಇಟಲಿಯ ಲೂಚಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಕಂಡುಕೊಂಡದ್ದು ಇನ್ನೂ ಸ್ವಾರಸ್ಯ. ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಜನರಿಂದ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಸಾಮಾನ್ಯವಾಗಿ ನಾವು ಉಸಿರಾಡುವುದು ನಿಮಿಷಕ್ಕೆ 12ರಿಂದ 18 ಸಲ. ರಕ್ತದೊತ್ತಡಕ್ಕೆ ತನ್ನದೇ ಆದ ಹತ್ತು ಸೆಕೆಂಡಿನ ಒಂದು ಏರಿಳಿತವಿದೆ. ಉಸಿರು ಅದಕ್ಕೆ ಹೆಜ್ಜೆ ಕೂಡಿಸಿದಾಗ ನಾಡಿಯ ಹಿಗ್ಗು ಕುಗ್ಗು ಅತಿ ದೊಡ್ಡದಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಂಕಾರ ಹೇಳುವವರ ಮೆದುಳನ್ನು ಸ್ಕ್ಯಾನ್ ಮಾಡಿ 2011ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನವೊಂದಿದೆ. ಭಯ, ಉದ್ವೇಗಗಳಿಗೆ ಸಂಬಂಧಿಸಿದ ಮೆದುಳಿನ ಭಾಗಗಳ ಚಟುವಟಿಕೆ ಆಗ ತಗ್ಗಿತ್ತು, ಬರೀ ‘ಸ್ಸ್’ ಎಂದಾಗ ತಗ್ಗಲಿಲ್ಲ. ಮೊದಲ ಹೆಜ್ಜೆಯ ಸಣ್ಣ ಪರೀಕ್ಷೆಯಾದ್ದರಿಂದ ಅದರ ಮೇಲೆ ದೊಡ್ಡ ಕಟ್ಟಡ ಕಟ್ಟುವುದು ಬೇಡ.

ಮಂತ್ರ ಹೇಳದವರಿಗೆ ಹಾಡಿದೆ. ಬೀಸುವ ಕಲ್ಲಿನ ಮುಂದೆ ಕುಳಿತು ನಮ್ಮ ಹೆಂಗಸರು ಹಾಡುತ್ತಿದ್ದಾಗ ಒಂದೊಂದು ಸಾಲಿಗೂ ಒಂದು ಚುಟುಕು ಉಸಿರು ಒಳಗೆ, ಸಾಲಿನುದ್ದಕ್ಕೂ ಉಸಿರು ಹೊರಗೆ. ಸ್ವೀಡನ್ನಿನಲ್ಲಿ ಗುಂಪಾಗಿ ಹಾಡುವವರ ಹೃದಯಬಡಿತ ಜೊತೆಜೊತೆಗೆ ಏರಿ ಇಳಿಯುವುದನ್ನು 2013ರಲ್ಲಿ ಅಳೆದಿದ್ದಾರೆ. ಊರ ಭಜನಾ ಮಂಡಲಿಗಳಲ್ಲಿ ಯಾರಾದರೂ ಯಂತ್ರ ಹಿಡಿದು ಕುಳಿತರೆ ಅಲ್ಲೂ ಅದೇ ಸಿಗಬೇಕು.

ಕಾಫಿಯ ಮಾತು

ಬಾಬಾಬುಡನ್ ಗಿರಿಯ ಮಗ್ಗುಲಲ್ಲಿ ಕುಳಿತು ಚೈತನ್ಯದ ಮಾತಾಡುವಾಗ ಕಾಫಿಯನ್ನು ಬಿಟ್ಟರೆ ತಪ್ಪಾದೀತು. ಕೆಫೀನ್ ಶಕ್ತಿ ಕೊಡುವುದಿಲ್ಲ. ಎಚ್ಚರವಿದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತ, ಸಾಕು ಮಲಗು ಎನ್ನುತ್ತಿರುತ್ತದೆ. ಕೆಫೀನ್ ಆ ಮಾತು ಕೇಳಿಸದಂತೆ ಮಾಡುತ್ತದೆ. ಕುಡಿದ ಐದಾರು ಗಂಟೆಯ ಮೇಲೂ ಅರ್ಧದಷ್ಟು ರಕ್ತದಲ್ಲಿ ಉಳಿದಿರುತ್ತದೆ. ಬೆಳಗಿನ ಲೋಟಕ್ಕೆ ನನ್ನ ತಕರಾರಿಲ್ಲ. ಸಂಜೆ ಆರರ ಲೋಟ ರಾತ್ರಿಯ ಗಾಢ ನಿದ್ದೆಗೆ ಕತ್ತರಿ ಹಾಕುತ್ತದೆ, ಬ್ರೇಕ್ ಅತಿ ಭದ್ರವಾಗಿ ಒತ್ತಿರುವುದು ಆ ನಿದ್ದೆಯಲ್ಲೇ.

ಬ್ರೇಕಿಗೆ ಸಂಬಂಧಿಸದ ದಣಿವು

ಕೆಮ್ಮಣ್ಣಿನ ಕೆಂಪು ಕಬ್ಬಿಣದ್ದು. ಇಲ್ಲಿಯ ಅದಿರು ಇಳಿದು ಹೋಗಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಗಳಲ್ಲಿ ಕರಗುತ್ತಿತ್ತು. ನಮ್ಮ ರಕ್ತದ ಕೆಂಪಿಗೂ ಕಬ್ಬಿಣವೇ ಬೇಕು, ಅದರ ಹಿಮೋಗ್ಲೋಬಿನ್ನೇ ಆಮ್ಲಜನಕ ಹೊರುವುದು. ಅದು ಕಡಿಮೆಯಾದಾಗ ಮೈ ದಣಿಯುತ್ತದೆ, ಹೃದಯ ಬೇರೆ ದಾರಿ ಕಾಣದೆ ಹೆಚ್ಚು ಸಲ ಬಡಿದು ಸರಿದೂಗಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧದ ಹತ್ತಿರ ಜನಕ್ಕೆ ರಕ್ತಹೀನತೆಯಿದೆ. ಅಂಥವರಿಗೆ ‘ಉದ್ದಕ್ಕೆ ಉಸಿರು ಬಿಡಮ್ಮ, ಬೆಟ್ಟ ಹತ್ತಮ್ಮ’ ಎಂದು ಉಪದೇಶಿಸುವುದು ಕ್ರೌರ್ಯ. ಮೆಟ್ಟಿಲು ಹತ್ತಿದ ಮೇಲೆ ನಾಡಿ ಬೇಗ ಇಳಿಯದಿದ್ದರೆ, ಕುಳಿತಲ್ಲೇ ನೂರು ದಾಟುತ್ತಿದ್ದರೆ, ಕಣ್ಣಿನ ಕೆಳರೆಪ್ಪೆಯ ಒಳಮಗ್ಗುಲು ಬಿಳಿಚಿಕೊಂಡಿದ್ದರೆ, ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಬೇಕು. ಥೈರಾಯಿಡ್ ಅತಿಯಾಗಿ ಕೆಲಸ ಮಾಡುತ್ತಿದ್ದರೂ ನಾಡಿ ಹೀಗೇ ಓಡುತ್ತದೆ, ಅದಕ್ಕೂ ರಕ್ತಪರೀಕ್ಷೆಯೇ ದಾರಿ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಳಿಗೆ ನುಂಗುವವರ ನಾಡಿ ಮಾತ್ರ ಏರಿನಲ್ಲೂ ಹೆಚ್ಚು ಏರುವುದಿಲ್ಲ. ಗುಳಿಗೆ ಆಕ್ಸಿಲರೇಟರನ್ನೇ ಹಿಡಿದಿಟ್ಟಿರುವುದರಿಂದ, ತುದಿಯಲ್ಲಿ ಕುಳಿತು ಎಣಿಸಿದ ಅಂಕಿಯನ್ನು ಅವರು ಜೊತೆಗಾರರದ್ದರೊಂದಿಗೆ ಹೋಲಿಸಿಕೊಳ್ಳಬೇಕಾಗಿಲ್ಲ.